ತೂಕ ಬರಲಿ ಅಂತ ಎಷ್ಟು ದಿನ ಕಾಯುವುದು?

ತಿಂಗಳು ತುಂಬುವ ಮೊದಲೇ ಹುಟ್ಟಿದ, ಮೇಲಿಂದ ಹೃದಯದಲ್ಲೂ ತೊಂದರೆ ಇರುವ ಮಗುವನ್ನು ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಹೋಗುವಾಗ ತಂದೆ ತಾಯಿಗೆ ಸಿಗುವ ಮಾತು ಹೆಚ್ಚಾಗಿ ಒಂದೇ. "ಈಗ ತುಂಬ ಸಣ್ಣದುಂಟು, ತೂಕ ಬರಲಿ, ಆಮೇಲೆ ನೋಡುವ." ಇದು ಮಂಗಳೂರಿನ ಮಾತು. ವಿಜಯಪುರದಲ್ಲಾದರೆ "ಕೂಸಿನ ತೂಕ ಬರ್ಲಿ, ಆಮ್ಯಾಲ ನೋಡೂಣು." ಡಾಕ್ಟರ್ ಹೇಳುವುದರಲ್ಲಿ ತಪ್ಪಿಲ್ಲ. ಆದರೆ ಆ ಮಾತು ಆಸ್ಪತ್ರೆಯ ಗೇಟು ದಾಟಿ ಮನೆ ಮುಟ್ಟುವಾಗ "ತೂಕ ಬರುವ ತನಕ ಹೋಗಬೇಕಾಗಿಲ್ಲ" ಎಂದಾಗಿರುತ್ತದೆ. ತೂಕ ಬರುವುದಿಲ್ಲ, ಮನೆಯವರು ಹೋಗುವುದೂ ಇಲ್ಲ.

ತಿಳಿಯಬೇಕಾದದ್ದು ಇದರ ಉಲ್ಟಾ. ಹೃದಯದ ತೂತು ದೊಡ್ಡದಿದ್ದು, ಔಷಧ ಕೊಟ್ಟು, ಹಾಲಿನ ಶಕ್ತಿ ಹೆಚ್ಚಿಸಿದ ಮೇಲೂ ಮಗುವಿನ ತೂಕ ಏರದಿದ್ದರೆ, ಆಪರೇಷನ್ ಬೇಗ ಮಾಡಬೇಕೆಂದು ಹೃದಯದ ಡಾಕ್ಟರುಗಳು ತೀರ್ಮಾನಿಸಲು ಅದೇ ಒಂದು ಕಾರಣ. ಅಂದರೆ ತೂಕ ಬರದ ಮಗುವನ್ನು ಬೇಗ ತೋರಿಸಬೇಕು, ತಡವಾಗಿ ಅಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನು ಮುಂದಿಟ್ಟುಕೊಂಡು ಇದನ್ನು ಬರೆಯಲು ಕಾರಣ ಉಂಟು. ಘಟ್ಟ ಹತ್ತಿ ವ್ಯಾಪಾರಕ್ಕೋ ನೌಕರಿಗೋ ಆ ಕಡೆ ಹೋದವರು ಅಲ್ಲೇ ಸಂಸಾರ ಹೂಡುತ್ತಾರೆ. ಚೊಚ್ಚಲ ಹೆರಿಗೆ ಮಾತ್ರ ತವರಿನಲ್ಲಿ, ಅಂದರೆ ಕರಾವಳಿಯಲ್ಲಿ. ನಲವತ್ತು ಕಳೆದ ಮೇಲೆಯೋ ಮೂರು ತಿಂಗಳಿಗೋ ತಾಯಿ ಮಗು ಅತ್ತ ಹೊರಡುತ್ತಾರೆ. ಮಗುವಿನ ಎಕೋ ರಿಪೋರ್ಟು, ಡಿಸ್ಚಾರ್ಜ್ ಕಾರ್ಡು ಉಮ್ಮನ ಮನೆಯ ಕಪಾಟಿನಲ್ಲಿ, ಮಗು ಇಂಡಿಯಲ್ಲಿ. ಅಲ್ಲಿಂದ ಜಿಲ್ಲಾ ಕೇಂದ್ರ ಹತ್ತಿರವೇನಲ್ಲ. ಬಾಗೇವಾಡಿಯಿಂದ ವಿಜಯಪುರಕ್ಕೆ ನಲವತ್ತು ಚಿಲ್ಲರೆ ಕಿಲೋಮೀಟರ್, ಇಂಡಿ ಮತ್ತು ಸಿಂದಗಿಯಿಂದ ಐವತ್ತು ಅರವತ್ತು, ಮುದ್ದೇಬಿಹಾಳದಿಂದ ಎಂಬತ್ತರ ಆಸುಪಾಸು. ಅಲ್ಲಿಯೇ ಹುಟ್ಟಿ ಬೆಳೆದ ಮುಸ್ಲಿಮರಿಗೂ ಬೇರೆಯವರಿಗೂ ಈ ದೂರ ಹೊಸತಲ್ಲ. ನಮ್ಮವರಿಗೆ ಅದರ ಮೇಲೆ ಕರಾವಳಿಯ ದೂರವೂ ಸೇರುತ್ತದೆ.

ಇನ್ನು ಹೃದಯಕ್ಕೂ ಹಾಲಿಗೂ ಏನು ಸಂಬಂಧ ಎಂಬ ಪ್ರಶ್ನೆ.

ತಾಯಿಯ ಹೊಟ್ಟೆಯೊಳಗೆ ಮಗು ತನ್ನ ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಹಾಗಾಗಿ ಶ್ವಾಸಕೋಶಕ್ಕೆ ಹೋಗುವ ರಕ್ತವನ್ನು ದೇಹದ ಕಡೆ ತಿರುಗಿಸಲು ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಸಣ್ಣ ಅಡ್ಡನಾಳ ಇರುತ್ತದೆ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಎರಡು ಮೂರು ದಿನದಲ್ಲಿ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. 37 ವಾರ ತುಂಬುವ ಮೊದಲು, ಅದರಲ್ಲೂ 30 ವಾರದ ಹಿಂದೆ ಮುಂದೆ ಹುಟ್ಟಿದ ಮಗುವಿನಲ್ಲಿ ಹಲವು ಸಲ ತೆರೆದೇ ಉಳಿಯುತ್ತದೆ. ರಿಪೋರ್ಟಿನಲ್ಲಿ ಪಿಡಿಎ ಎಂದು ಬರೆಯುವುದು ಇದನ್ನೇ. ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದ್ದರೆ ವಿಎಸ್‌ಡಿ, ಮೇಲಿನ ಕೋಣೆಗಳ ನಡುವೆ ಇದ್ದರೆ ಎಎಸ್‌ಡಿ. ಪಿಡಿಎ ಕಂಡ ಕೂಡಲೇ ಗಾಬರಿ ಬೇಡ. ಎಷ್ಟೋ ಮಕ್ಕಳಲ್ಲಿ ದಿನ ಕಳೆದ ಹಾಗೆ ಅದು ಮುಚ್ಚುತ್ತದೆ, ಕೆಲವರಿಗೆ ಔಷಧದಿಂದ ಮುಚ್ಚಿಸುತ್ತಾರೆ. ಎಲ್ಲರಿಗೂ ಆರಂಭದಲ್ಲೇ ಔಷಧ ಕೊಡುವುದರಿಂದ ಹೆಚ್ಚಿನ ಲಾಭವಿಲ್ಲ ಎಂಬುದು ಈಚಿನ ವರ್ಷಗಳ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಸಣ್ಣ ವಿಎಸ್‌ಡಿಗಳೂ ತಾವಾಗಿಯೇ ಮುಚ್ಚುವುದುಂಟು.

ತೊಂದರೆ ಇರುವುದು ದೊಡ್ಡ ತೂತಿನಲ್ಲಿ. ದೇಹಕ್ಕೆ ಹೋಗಬೇಕಾದ ರಕ್ತದ ಒಂದು ಪಾಲು ಪುನಃ ಶ್ವಾಸಕೋಶಕ್ಕೇ ನುಗ್ಗುತ್ತದೆ. ಹೃದಯ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕು. ಶ್ವಾಸಕೋಶ ಒದ್ದೆಯಾಗಿ ಭಾರವಾಗುತ್ತದೆ, ಮಗು ಬೇಗ ಬೇಗ ಉಸಿರಾಡುತ್ತದೆ. ಮಲಗಿದ ಮಗು ಓಡುವವನಷ್ಟು ದಣಿಯುತ್ತದೆ ಎನ್ನಿ. ಕುಡಿದ ಹಾಲಿನ ಶಕ್ತಿ ಬೆಳವಣಿಗೆಗೆ ಹೋಗುವ ಬದಲು ಈ ಓಟಕ್ಕೇ ಖರ್ಚಾಗಿ ಬಿಡುತ್ತದೆ. ಹೊಟ್ಟೆ ಕರುಳಿಗೆ ಹೋಗುವ ರಕ್ತ ಕಡಿಮೆಯಾದರೆ ಕುಡಿದದ್ದೂ ಸರಿಯಾಗಿ ಜೀರ್ಣವಾಗುವುದಿಲ್ಲ.

ಇದು ಕಾಣಿಸಿಕೊಳ್ಳುವ ಹೊತ್ತು ಕೂಡ ಮೋಸದ್ದು. ಹುಟ್ಟಿದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿರುವುದರಿಂದ ತೂತಿನ ಮೂಲಕ ಹೆಚ್ಚು ರಕ್ತ ಹರಿಯುವುದಿಲ್ಲ. ನಾಲ್ಕರಿಂದ ಎಂಟು ವಾರದೊಳಗೆ ಆ ಬಿಗಿತ ಸಡಿಲುತ್ತದೆ, ಹರಿವು ಹೆಚ್ಚುತ್ತದೆ. ಬೇಗ ಹುಟ್ಟಿದ ಮಗುವಿನಲ್ಲಿ ಇನ್ನೂ ಮೊದಲೇ ಆಗಬಹುದು. ಆಸ್ಪತ್ರೆಯಲ್ಲಿದ್ದಾಗ ಚೆನ್ನಾಗಿಯೇ ಇದ್ದ ಮಗು ಸೋಲಲು ಶುರು ಮಾಡುವುದು ಸರಿಸುಮಾರು ನಲವತ್ತರ ಹೊತ್ತಿಗೆ, ಅಂದರೆ ನಾವು ಊರು ಬದಲಿಸುವ ಹೊತ್ತಿಗೆ. ಆಗ ಮನೆಯಲ್ಲಿ ಬರುವ ಮಾತು: ಪ್ರಯಾಣದ ಆಯಾಸ, ನೀರು ಬದಲಾಗಿದೆ, ಯಾರದೋ ಕಣ್ಣು ಬಿದ್ದಿದೆ.

ನೋಡಬೇಕಾದ ಲಕ್ಷಣಗಳು ಹೀಗಿವೆ. ಮಗು ಎರಡು ಮೂರು ಗುಟುಕು ಎಳೆದು ನಿಲ್ಲಿಸುತ್ತದೆ, ಉಸಿರು ತೆಗೆದು ಪುನಃ ಎಳೆಯುತ್ತದೆ. ಕುಡಿಯುವಾಗ ಹಣೆ, ತಲೆ ಬೆವರುತ್ತದೆ. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತದೆ. ಅರ್ಧ ಗಂಟೆ ಕಳೆದರೂ ಕುಡಿದು ಮುಗಿಯುವುದಿಲ್ಲ, ನಡುವೆಯೇ ನಿದ್ದೆ. ಸ್ವಲ್ಪ ಹೊತ್ತಿಗೆ ಹಸಿದು ಅಳು. ನಮ್ಮ ಕಡೆ ತಾಯಂದಿರು "ಹಾಲು ಕುಡಿಯುವಾಗ ಬೆವರ್ತದೆ, ಉಸಿರು ಕಟ್ತದೆ" ಅನ್ನುತ್ತಾರೆ. ಸಿಂದಗಿ ಕಡೆ "ಕೂಸು ಹಾಲು ಕುಡಿಯಂಗಿಲ್ಲರೀ, ಕುಡಿಯೂ ಮುಂದ ದಮ್ಮ ಹತ್ತತೈತಿ, ಸೊರಗಾಕತ್ತೈತಿ" ಎಂಬ ಮಾತು ಬರುತ್ತದೆ. ಎರಡೂ ಒಂದೇ ದೂರು. ಕರಾವಳಿಯಿಂದ ಹೋದ ಸೊಸೆ ಅಲ್ಲಿಯ ಆಶಾ ಕಾರ್ಯಕರ್ತೆಗೆ ಇದನ್ನು ಹೇಳಲು ನಾಚಿಕೊಳ್ಳಬಾರದು. ಭಾಷೆ ಬೇರೆ ಆದರೂ ಬೆವರು ಅವರಿಗೂ ಗೊತ್ತಾಗುತ್ತದೆ. ತುಟಿ, ನಾಲಗೆ ನೀಲಿಯಾದರೆ, ಹಾಲನ್ನೇ ಬಿಟ್ಟರೆ, ಮೈ ತಣ್ಣಗಾದರೆ ಆಶಾ ಬರುವುದನ್ನೂ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಈಗ ಸ್ವಲ್ಪ ಲೆಕ್ಕ. ಬೇಸರ ಮಾಡಬೇಡಿ, ಈ ಲೇಖನದ ಗಂಟು ಇರುವುದು ಇಲ್ಲೇ.

2 ಕಿಲೋ ತೂಕದ ಒಂದು ಮಗು ಎಂದಿಟ್ಟುಕೊಳ್ಳಿ. ದಿನಕ್ಕೆ ಕಿಲೋಗೆ 150 ಮಿಲಿ ಲೆಕ್ಕದಲ್ಲಿ 300 ಮಿಲಿ ಹಾಲು. ತಾಯಿಯ ಹಾಲಿನ 100 ಮಿಲಿಯಲ್ಲಿ ಸುಮಾರು 67 ಕ್ಯಾಲೊರಿ. ಒಟ್ಟು 200 ಕ್ಯಾಲೊರಿ ಸಿಕ್ಕಿತು. ಹೃದಯದ ತೊಂದರೆ ಇರುವ ಮಗುವಿಗೆ ಕಿಲೋಗೆ 120ರಿಂದ 150 ಕ್ಯಾಲೊರಿ ಬೇಕಾಗಬಹುದು, ಅಂದರೆ ಈ ಮಗುವಿಗೆ 240ರಿಂದ 300. ಈಗಾಗಲೇ ಕೊರತೆ. ಅದರ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಬಾರದೆಂದು ಡಾಕ್ಟರ್ ಹಾಲನ್ನೇ ಕಿಲೋಗೆ 130 ಮಿಲಿಗೆ ಮಿತಿ ಮಾಡಿದರೆ ಸಿಗುವುದು ಸುಮಾರು 175 ಕ್ಯಾಲೊರಿ ಮಾತ್ರ. ಹೆಚ್ಚು ಕುಡಿಸಿ ಎಂದರೆ ಹೃದಯಕ್ಕೆ ಭಾರ, ಕಡಿಮೆ ಕುಡಿಸಿದರೆ ಬೆಳವಣಿಗೆ ಇಲ್ಲ.

ಇದಕ್ಕಿರುವ ದಾರಿ ಹಾಲಿನ ಅಳತೆ ಹೆಚ್ಚಿಸುವುದಲ್ಲ, ಅಷ್ಟೇ ಹಾಲಿನಲ್ಲಿ ಶಕ್ತಿ ಹೆಚ್ಚಿಸುವುದು. ತಾಯಿಯ ಹಾಲನ್ನು ಹಿಂಡಿ, ಅದಕ್ಕೆ ಬೆರೆಸಲೆಂದೇ ಮಾಡಿದ ಪುಡಿಯನ್ನು ಅಳತೆ ಪ್ರಕಾರ ಸೇರಿಸುತ್ತಾರೆ. 100 ಮಿಲಿಗೆ ಕ್ಯಾಲೊರಿ 80ರ ಹತ್ತಿರ ಬರುತ್ತದೆ, ಪ್ರೊಟೀನ್, ಕ್ಯಾಲ್ಸಿಯಂ ಕೂಡ ಹೆಚ್ಚುತ್ತದೆ. ತೀರಾ ಬೇಗ ಹುಟ್ಟಿದ ಮಗುವಿಗೆ ದಿನಕ್ಕೆ ಕಿಲೋಗೆ 3.5ರಿಂದ 4 ಗ್ರಾಂ ಪ್ರೊಟೀನ್ ಬೇಕು, ಬರಿ ಎದೆಹಾಲಿನಿಂದ ಅಷ್ಟು ಸಿಗುವುದು ಕಷ್ಟ. ಕೆಲವು ಡಾಕ್ಟರುಗಳು ಎಣ್ಣೆಯ ಕೆಲವು ಹನಿ ಸೇರಿಸಲೂ ಹೇಳುತ್ತಾರೆ. ಇದನ್ನು ಓದಿ ಮನೆಯಲ್ಲಿದ್ದ ತೆಂಗಿನೆಣ್ಣೆ ಬಾಟಲಿ ತೆಗೆಯಬೇಡಿ. ಎಷ್ಟು, ಯಾವಾಗ ಎಂಬುದು ಮಗುವಿನ ಕಾಗದ ನೋಡಿದವರೇ ಹೇಳಬೇಕು. ಡಬ್ಬಿ ಹಾಲಿನ ಪುಡಿಯನ್ನು "ಶಕ್ತಿ ಬರಲಿ" ಎಂದು ದಪ್ಪ ಕಲಸುವುದು ಕಿಡ್ನಿಗೆ ಅಪಾಯ. ದುಬಾರಿ ಎಂದು ತೆಳ್ಳಗೆ ಮಾಡುವುದು ಇನ್ನೊಂದು ತಪ್ಪು, ಅದು ಬರಿ ನೀರು ಕುಡಿಸಿದ ಹಾಗೆ. ಹಸುವಿನ ಹಾಲು, ಎಮ್ಮೆ ಹಾಲು ಒಂದು ವರ್ಷದ ತನಕ ಬೇಡ.

ಕುಡಿಸುವ ರೀತಿಯೂ ಮುಖ್ಯ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನು ಒಟ್ಟಿಗೆ ಮಾಡುವ ಶಕ್ತಿ ಮಗುವಿಗೆ ಬರುವುದು ಸುಮಾರು 34ನೇ ವಾರದ ಹೊತ್ತಿಗೆ. ಅದಕ್ಕಿಂತ ಮೊದಲು ಮೂಗಿನಿಂದಲೋ ಬಾಯಿಯಿಂದಲೋ ಹಾಕಿದ ಸಣ್ಣ ನಳಿಗೆಯಲ್ಲಿ ಹಾಲು. ಆಮೇಲೆ ಒಳಲೆ ಅಥವಾ ಚಮಚ. ನಮ್ಮ ಅಜ್ಜಿಯಂದಿರ ಒಳಲೆಯನ್ನು ಈಗ ಆಸ್ಪತ್ರೆಯವರೇ ಕೊಡುತ್ತಾರೆ, ಕುದಿಸಿ ಬಳಸಬೇಕು ಅಷ್ಟೇ. ಬಾಟಲಿಗಿಂತ ಇದು ಎಷ್ಟೋ ವಾಸಿ. ಎರಡರಿಂದ ಮೂರು ಗಂಟೆಗೊಮ್ಮೆ, ಒಂದು ಸಲಕ್ಕೆ ಅರ್ಧ ಗಂಟೆಗಿಂತ ಹೆಚ್ಚು ದಣಿಸದೆ ಕುಡಿಸಬೇಕು. ಎದೆಯಲ್ಲಿ ಸ್ವಲ್ಪ ಹೊತ್ತು ಕುಡಿಸಿ, ಉಳಿದದ್ದನ್ನು ಹಿಂಡಿ ಒಳಲೆಯಲ್ಲಿ ಕೊಡುವುದೂ ಆಗುತ್ತದೆ. ತೀರಾ ದಣಿಯುವ ಮಕ್ಕಳನ್ನು ನಳಿಗೆ ಸಮೇತ ಮನೆಗೆ ಕಳಿಸುವುದೂ ಉಂಟು. ನೋಡಿದವರು ಹೆದರುತ್ತಾರೆ, ಬಂಧುಗಳು "ಪಾಪ, ಅದನ್ನು ತೆಗೆಯಿರಿ" ಅನ್ನುತ್ತಾರೆ. ಆ ನಳಿಗೆಯಿಂದ ಉಳಿಯುವ ಶಕ್ತಿಯೇ ಮಗುವಿನ ಮೈಗೆ ಹತ್ತುವುದು ಎಂದು ಅವರಿಗೆ ಯಾರು ಹೇಳಬೇಕು!

ಹಿಂಡಿಟ್ಟ ಹಾಲು ನಾಲ್ಕು ಗಂಟೆ ಹೊರಗೆ ಇರುತ್ತದೆ ಎಂಬ ಲೆಕ್ಕ 25 ಡಿಗ್ರಿ ಸೆಖೆಗೆ. ಏಪ್ರಿಲ್, ಮೇಯಲ್ಲಿ ವಿಜಯಪುರ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ಅಲ್ಲಿ ಆ ಲೆಕ್ಕ ನಡೆಯುವುದಿಲ್ಲ. ಆಗಿಂದಾಗಲೇ ಕುಡಿಸಿ, ಇಲ್ಲವೇ ಫ್ರಿಜ್ಜಿನ ಒಳಭಾಗದಲ್ಲಿಟ್ಟು ಅದೇ ದಿನ ಮುಗಿಸಿ. ಕುದಿಸಬೇಡಿ, ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಬೆಚ್ಚಗೆ ಮಾಡಿದರೆ ಸಾಕು. ಸೆಖೆ ಎಂದು ಮಗುವಿಗೆ ನೀರು ಕುಡಿಸುವುದೂ ಬೇಡ. ಸಣ್ಣ ಹೊಟ್ಟೆಯಲ್ಲಿ ನೀರು ಹಿಡಿಸಿದ ಜಾಗ ಹಾಲಿಗೆ ಇಲ್ಲದ ಹಾಗೆ ಆಗುತ್ತದೆ. ಬಜೆ, ಘುಟ್ಟಿ, ಗ್ರೈಪ್ ವಾಟರ್ ಕೂಡ ಅಷ್ಟೇ. ಮೂತ್ರ ಹೆಚ್ಚಿಸಿ ಶ್ವಾಸಕೋಶದ ಭಾರ ಇಳಿಸುವ ಔಷಧ ಇದ್ದರೆ ಸಿರಿಂಜಿನಲ್ಲೇ ಅಳೆದು ಕೊಡಬೇಕು, ಆ ಔಷಧ ದೇಹದ ಪೊಟ್ಯಾಸಿಯಂ ಅನ್ನೂ ಹೊರಗೆ ಹಾಕುವುದರಿಂದ ಆಗಾಗ ರಕ್ತ ಪರೀಕ್ಷೆ ಬೇಕು. ಕಬ್ಬಿಣದ, ವಿಟಮಿನ್ ಡಿ ಹನಿಗಳನ್ನು ಬಿಡಬಾರದು.

ತಹ್ನೀಕ್ ವಿಷಯ ಇಲ್ಲಿ ಬರಲೇಬೇಕು. ಖರ್ಜೂರ ಮೆದುಗೊಳಿಸಿ ಮಗುವಿನ ಅಂಗುಳಕ್ಕೆ ಸವರುವುದು ನಮ್ಮಲ್ಲಿ ಪ್ರೀತಿಯ ಸುನ್ನತ್. ಆದರೆ ನಳಿಗೆಯಲ್ಲಿ ಹಾಲು ಕುಡಿಯುವ, ಒಂದೂವರೆ ಕಿಲೋದ ಮಗುವಿನ ಬಾಯಿಗೆ ಇನ್ನೊಬ್ಬರ ಬಾಯಿಯ ಎಂಜಲು ಹೋಗುವುದು ಸೋಂಕಿಗೆ ದಾರಿ. ಡಾಕ್ಟರರು ಆಗಬಹುದು ಎಂದ ಮೇಲೆ ಮಾಡಿಸಿ. ಜೇನು ಮಾತ್ರ ಒಂದು ವರ್ಷದ ತನಕ ಯಾವ ಮಗುವಿಗೂ ಬೇಡ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಸ್ನಾಯುಗಳು ಸೋತು ಉಸಿರೇ ನಿಲ್ಲುವ ಕಾಯಿಲೆ ಬರುತ್ತದೆ. ಕಿವಿಯಲ್ಲಿ ಬಾಂಕ್ ಕೊಡಲು ಯಾವ ಅಡ್ಡಿಯೂ ಇಲ್ಲ. ಅಖೀಖ ಏಳನೇ ದಿನವೇ ಆಗಬೇಕೆಂದಿಲ್ಲ, ಹದಿನಾಲ್ಕು, ಇಪ್ಪತ್ತೊಂದು, ಅದರಾಚೆಗೂ ಮಾಡಬಹುದು ಎಂಬುದು ಉಸ್ತಾದರಿಗೆಲ್ಲ ಗೊತ್ತಿರುವ ಮಾತು.

ತಾಯಿಗೆ ಹಾಲು ಇಳಿಯದಿದ್ದರೆ? ಬೇಗ ಹೆತ್ತ ತಾಯಿಗೆ ಮೊದಲ ದಿನಗಳಲ್ಲಿ ಕೆಲವು ಹನಿಯಷ್ಟೇ ಬರುವುದು ಸಹಜ. ದಿನಕ್ಕೆ ಎಂಟು ಸಲ, ರಾತ್ರಿಯೂ ಸೇರಿಸಿ ಹಿಂಡುತ್ತಾ ಹೋದರೆ ಹೆಚ್ಚುತ್ತದೆ. ಆ ನಡುವೆ ಬೇರೆ ತಾಯಿಯ ಹಾಲಿನ ಮಾತು ಬರುತ್ತದೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಿಂದ ಎದೆಹಾಲಿನ ಬ್ಯಾಂಕ್ ಇದೆ, ಮಂಗಳೂರಿನ ಲೇಡಿಗೋಷನ್‌ನಲ್ಲೂ ಉಂಟು. ತೀರಾ ಸಣ್ಣ ಮಗುವಿಗೆ ಡಬ್ಬಿ ಹಾಲಿಗಿಂತ ಇದು ಒಳ್ಳೆಯದು, ಕರುಳು ಕೊಳೆಯುವ ಅಪಾಯಕಾರಿ ಕಾಯಿಲೆಯಿಂದ ಕಾಪಾಡುತ್ತದೆ. ನಮ್ಮವರ ಸಂಶಯ ಹಾಲಿನ ಸಂಬಂಧದ್ದು. ಬ್ಯಾರಿಗಳು ಅನುಸರಿಸುವ ಶಾಫಿಈ ಮದ್ಹಬ್ ಪ್ರಕಾರ ಎರಡು ವರ್ಷದೊಳಗೆ ಐದು ಪ್ರತ್ಯೇಕ ಸಲ ಕುಡಿದರೆ ಸಂಬಂಧ ಏರ್ಪಡುತ್ತದೆ. ವಿಜಯಪುರ ಕಡೆಯ ಹೆಚ್ಚಿನ ಮುಸ್ಲಿಮರು ಹನಫಿಗಳು, ಅವರಲ್ಲಿ ಒಂದು ಸಲ ಕುಡಿದರೂ ಸಾಕು. ಹಾಗಾಗಿ ಉಮ್ಮನ ಮನೆಯ ಉಸ್ತಾದರು ಒಂದು ಹೇಳಿ, ಇಂಡಿಯ ಮೌಲಾನಾ ಸಾಹೇಬರು ಇನ್ನೊಂದು ಹೇಳಿದರೆ ಯಾರೂ ತಪ್ಪು ಹೇಳಿದ್ದಾರೆ ಎಂದಲ್ಲ. ಹಲವು ತಾಯಂದಿರ ಹಾಲು ಒಟ್ಟುಗೂಡಿಸುವ ಬ್ಯಾಂಕನ್ನು ಒಐಸಿಯ ಫಿಖ್ಹ್ ಅಕಾಡೆಮಿ 1985ರಲ್ಲಿ ಜಿದ್ದಾದಲ್ಲಿ ಒಪ್ಪಲಿಲ್ಲ. ಯೂಸುಫ್ ಅಲ್ ಖರದಾವಿಯಂಥ ವಿದ್ವಾಂಸರು ಅಗತ್ಯವಿದ್ದರೆ ಆಗಬಹುದು ಎಂದಿದ್ದಾರೆ. ನನ್ನ ಅಭಿಪ್ರಾಯ ಇಷ್ಟೇ: ಈ ಪ್ರಶ್ನೆಯನ್ನು ಮಗು ಐಸಿಯುನಲ್ಲಿ ಇರುವಾಗ ರಾತ್ರಿ ಹನ್ನೊಂದಕ್ಕೆ ಕೇಳುವಂತಾಗಬಾರದು. ಅವಧಿಗೆ ಮುಂಚೆ ಹೆರಿಗೆ ಆಗುವ ಸೂಚನೆ ಇದ್ದರೆ ಮೊದಲೇ ಕೇಳಿಟ್ಟುಕೊಳ್ಳಿ. ಮನೆಯೊಳಗಿನ ಒಬ್ಬಾಕೆ ಹಾಲು ಕೊಟ್ಟರೆ ಹೆಸರು, ಎಷ್ಟು ಸಲ ಎಂಬುದನ್ನು ಬರೆದಿಡಿ, ಮುಂದೆ ಮದುವೆ ಮಾತಿಗೆ ಬೇಕಾಗುತ್ತದೆ.

ರಮಝಾನ್ ಬಂದರೆ ಹಾಲುಣಿಸುವ ತಾಯಿಗೆ ನೋಂಬು ಬಿಡಲು ರಿಯಾಯಿತಿ ಇದೆ, ಆಮೇಲೆ ಖಳಾ ತೀರಿಸಬೇಕು. ಮಗುವಿನ ಸಲುವಾಗಿ ಮಾತ್ರ ಬಿಟ್ಟರೆ ಶಾಫಿಈಗಳಲ್ಲಿ ಫಿದ್ಯಾ ಕೂಡ ಉಂಟು. "ಎಲ್ಲರೂ ಹಿಡಿದಿದ್ದಾರೆ, ನಾನೊಬ್ಬಳು ಹೇಗೆ ಬಿಡುವುದು" ಎಂಬ ಸಂಕೋಚದಲ್ಲಿ ಹಾಲು ಬತ್ತಿಸಿಕೊಳ್ಳುವುದು ಯಾರೂ ಕೇಳಿದ್ದಲ್ಲ.

ಖರ್ಚಿಲ್ಲದ ಒಂದು ಔಷಧವೂ ಇದೆ. ಮಗುವನ್ನು ಬರಿ ಮೈಯಲ್ಲಿ ತಾಯಿಯ ಎದೆಗೆ ಅಂಟಿಸಿ ಕಟ್ಟಿಕೊಳ್ಳುವ ಕಾಂಗರೂ ಆರೈಕೆ. ಬೆಚ್ಚಗಿರಲು ಮಗು ತನ್ನ ಕ್ಯಾಲೊರಿ ಸುಡಬೇಕಾಗಿಲ್ಲ, ತಾಯಿಗೆ ಹಾಲೂ ಹೆಚ್ಚುತ್ತದೆ. 2021ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ, ಭಾರತವೂ ಸೇರಿ ಐದು ದೇಶಗಳಲ್ಲಿ, 1ರಿಂದ 1.8 ಕಿಲೋ ಒಳಗಿನ ಮಕ್ಕಳಿಗೆ ಹುಟ್ಟಿದ ಕೂಡಲೇ ಇದನ್ನು ಶುರು ಮಾಡಿದಾಗ ಸಾವು ನಾಲ್ಕನೇ ಒಂದರಷ್ಟು ಕಡಿಮೆಯಾಯಿತು. ದೂರದ ಮಾತಲ್ಲ, ಬಾಗಲಕೋಟೆ ದಾಟಿದರೆ ಸಿಗುವ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಸರ್ಕಾರಿ ಆಸ್ಪತ್ರೆಯಿಂದ ಹಿಡಿದು ಮನೆಯ ತನಕ ಇದನ್ನು ನಡೆಸಿ ತೋರಿಸಿದ್ದಾರೆ. ಹೃದಯದ ತೊಂದರೆ ಇರುವ ಮಗುವಿಗೆ ಡಾಕ್ಟರ್ ಒಪ್ಪಿದ ಮೇಲೆ ಮಾಡಿ. ಉಪ್ಪನೂ ಎದೆಗೆ ಕಟ್ಟಿಕೊಳ್ಳಬಹುದು, ಗಂಡಸರಿಗೆ ನಾಚಿಕೆ ಏನೂ ಬೇಡ.

ತೂಗುವುದು ಹೇಗೆ? ವಾರಕ್ಕೊಮ್ಮೆ, ಅದೇ ತಕ್ಕಡಿಯಲ್ಲಿ, ಬಟ್ಟೆ ತೆಗೆದು. ಅಂಗನವಾಡಿಯಲ್ಲೋ ಆಶಾ ಹತ್ತಿರವೋ ತೂಕದ ಯಂತ್ರ ಇರುತ್ತದೆ. ಹೆರಿಗೆ ದಿನಾಂಕ ಎಂದು ಕೊಟ್ಟ ದಿನ ಕಳೆದ ಮೇಲೆ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರಬೇಕು ಎಂಬುದು ಸಾಧಾರಣ ಲೆಕ್ಕ. ಹೃದಯದ ಮಗುವಿಗೆ ಸ್ವಲ್ಪ ಕಡಿಮೆ ಇರಬಹುದು, ಆದರೆ ವಾರಕ್ಕೆ 100 ಗ್ರಾಂ ಕೂಡ ಏರದಿದ್ದರೆ ಮುಂದಿನ ತಾರೀಕಿಗೆ ಕಾಯದೆ ಹೋಗಿ. ಒಂದೇ ದಿನದಲ್ಲಿ ಹಠಾತ್ತನೆ ಏರಿ ಮುಖ, ಕಣ್ಣು ಊದಿಕೊಂಡರೆ ಅದು ಬೆಳವಣಿಗೆ ಅಲ್ಲ, ನೀರು. ವಯಸ್ಸನ್ನು ಕೊಟ್ಟ ದಿನಾಂಕದಿಂದ ಎಣಿಸಿ. ಎರಡು ತಿಂಗಳು ಮುಂಚೆ ಹುಟ್ಟಿದ್ದರೆ ಐದು ತಿಂಗಳ ಮಗು ಬೆಳವಣಿಗೆಯ ಲೆಕ್ಕಕ್ಕೆ ಮೂರು ತಿಂಗಳದ್ದು. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸಿ ರಾಗಿ ಮಣ್ಣಿ ಶುರು ಮಾಡಬೇಡಿ. ಚುಚ್ಚುಮದ್ದು ಮಾತ್ರ ಹುಟ್ಟಿದ ದಿನದ ಲೆಕ್ಕದಲ್ಲೇ.

ಕಾಯುವುದಕ್ಕೂ ಒಂದು ಕೊನೆ ಇದೆ. ದೊಡ್ಡ ವಿಎಸ್‌ಡಿಯನ್ನು ಸಾಮಾನ್ಯವಾಗಿ ಮೊದಲ ಆರು ತಿಂಗಳ ಆಸುಪಾಸಿನಲ್ಲೇ ಮುಚ್ಚಲು ನೋಡುತ್ತಾರೆ. ವರ್ಷಗಟ್ಟಲೆ ಬಿಟ್ಟರೆ ಶ್ವಾಸಕೋಶದ ರಕ್ತನಾಳಗಳು ಗಟ್ಟಿಯಾಗಿ, ಆಮೇಲೆ ಆಪರೇಷನ್ ಮಾಡಲೂ ಆಗದ ಸ್ಥಿತಿ ಬರುತ್ತದೆ.

ತಾಲೂಕು ಆಸ್ಪತ್ರೆಯ ಮಕ್ಕಳ ಡಾಕ್ಟರಿಂದ ಶುರು ಮಾಡಿ. ವಿಜಯಪುರದಲ್ಲಿ ಜಿಲ್ಲಾಸ್ಪತ್ರೆ, ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ಮೆಡಿಕಲ್ ಕಾಲೇಜು, ನಮ್ಮವರಿಗೆ ಹೆಸರಿನಿಂದ ಪರಿಚಯದ ಅಲ್ ಅಮೀನ್ ಮೆಡಿಕಲ್ ಕಾಲೇಜು ಇವೆ. ಸಿಂದಗಿಯಿಂದ ಕಲಬುರಗಿ ರಸ್ತೆ ಹಿಡಿದರೆ ಅಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ ಇದೆ. ಮಕ್ಕಳ ಹೃದಯದ ಆಪರೇಷನ್‌ಗೆ ಬೆಳಗಾವಿಯ ಕೆಎಲ್ಇ, ಬೆಂಗಳೂರಿನ ಜಯದೇವ, ನಾರಾಯಣ ಹೃದಯಾಲಯ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗಳಿಗೆ ಕಳಿಸುತ್ತಾರೆ, ಸತ್ಯಸಾಯಿಯಲ್ಲಿ ಚಿಕಿತ್ಸೆ ಉಚಿತ. 2011ರಿಂದ ಇರುವ ಜನನಿ ಶಿಶು ಸುರಕ್ಷಾ ಯೋಜನೆಯಲ್ಲಿ ಒಂದು ವರ್ಷದೊಳಗಿನ ಕಾಯಿಲೆಯ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ, ಪರೀಕ್ಷೆ, ಸಾಗಾಟ ಉಚಿತ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ ಬಂದ ಹೃದಯ ದೋಷ ಸೇರಿದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ. ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಖಾಸಗಿ ಆಸ್ಪತ್ರೆಗೆ ನೇರ ಹೋಗಿ ದುಡ್ಡು ಕಟ್ಟಿದ ಮೇಲೆ ಜಮಾಅತಿಗೆ ಸಹಾಯದ ಅರ್ಜಿ ಬರೆಯುವುದಕ್ಕಿಂತ ಮೊದಲು ಈ ಚೀಟಿ ಕೇಳುವುದು ಒಳ್ಳೆಯದು.

ಕರಾವಳಿಯಿಂದ ಹೊರಡುವವರಿಗೆ ಕೊನೆಯದಾಗಿ ಕೆಲವು. ಹೊರಡುವ ವಾರ ಮಗುವನ್ನು ಇಲ್ಲಿಯ ಡಾಕ್ಟರಿಗೆ ತೋರಿಸಿ, ಪ್ರಯಾಣ ಆಗುತ್ತದೆಯೇ ಕೇಳಿ. ಎಕೋ ರಿಪೋರ್ಟು, ಡಿಸ್ಚಾರ್ಜ್ ಕಾರ್ಡು, ತೂಕದ ಪಟ್ಟಿ, ಔಷಧದ ಮಿಲಿ ಅಳತೆ, ಎಲ್ಲದರ ಫೋಟೊ ತೆಗೆದು ಮಗುವಿನ ಉಪ್ಪನ ಮೊಬೈಲಿಗೂ ಕಳಿಸಿ, ಮೂಲ ಕಾಗದ ಮಗುವಿನ ಜೊತೆಯೇ ಹೋಗಲಿ. ಅಲ್ಲಿಯ ಆಶಾ ನಂಬರ್ ಹೋಗುವ ಮೊದಲೇ ತರಿಸಿಕೊಳ್ಳಿ, ಬೇರೆ ಜಿಲ್ಲೆಯಿಂದ ಬಂದ ಮಗುವಿನ ಹೆಸರು ಅವರ ಪಟ್ಟಿಯಲ್ಲಿ ತಾನಾಗಿ ಬರುವುದಿಲ್ಲ. ಮಂಗಳೂರಿನಿಂದ ವಿಜಯಪುರದ ರೈಲು ಬಾಗಲಕೋಟೆ, ಆಲಮಟ್ಟಿ ದಾಟಿ ಹೋಗುತ್ತದೆ, ಒಂದು ರಾತ್ರಿ ಮುಗಿದು ಮರುದಿನಕ್ಕೂ ದಾಟುವ ದಾರಿ. ಮೂರು ಗಂಟೆಗೊಮ್ಮೆ ಎಂದರೂ ಆರೇಳು ಸಲ ಹಾಲು ಆಗಬೇಕು. ಒಳಲೆ ಎರಡು, ಕುದಿಸಿ ಒಣಗಿಸಿ ಬೇರೆ ಡಬ್ಬಿಯಲ್ಲಿ ಇಟ್ಟುಕೊಳ್ಳಿ, ರೈಲಿನಲ್ಲಿ ತೊಳೆಯಲು ಆಗುವುದಿಲ್ಲ.